ನೊನಗತೆಯ ಹೊತ್ತಿನ ಕೀಲಿಕೈ

ಬಕ್ ತಿಂಗಳು, ಲಂಕೆಯವರ ಹೊಸ ವರ್ಷ ಹುಟ್ಟುವ ಏಪ್ರಿಲ್. ಹೊಸ ವರ್ಷ ಕಳೆದು ಎರಡನೇ ಭಾನುವಾರ. ಬಿಸಿಲು ಇಳಿದು, ಕಣಿವೆಯ ಮಂಜು ರಸ್ತೆಗೆ ಹತ್ತಿಕೊಳ್ಳುತ್ತಿದ್ದ ಹೊತ್ತು. ರಂಬೊಡ ಘಾಟಿಯ ಒಂದು ತಿರುವಿನಲ್ಲಿ ಸುಗತಪಾಲ ಕಾರಿನ ಬಾಗಿಲ ಹಿಡಿ ಎಳೆದ.

ಬಾಗಿಲು ತೆರೆಯಲಿಲ್ಲ.

ಮತ್ತೆ ಎಳೆದ. ಹಿಡಿ ಸಡಿಲವಾಗಿ ಕೈಗೆ ಬಂತು, ಸಡಿಲವಾಗಿಯೇ ಹಿಂದಕ್ಕೆ ಹೋಯಿತು.

"ಒಳಗಿಂದ ಬರಲ್ಲ ರಾಳಹಾಮಿ," ಎಂದ ಕಾರು ಓಡಿಸುತ್ತಿದ್ದ ಅದರ ಮಾಲೀಕ, ದಯಾರತ್ನ ಮುದಲಾಳಿ. ತಿರುಗಲಿಲ್ಲ, ಕನ್ನಡಿಯಲ್ಲೇ ನೋಡಿದ. "ಮಕ್ಕಳ ಬೀಗ ಹಾಕಿದೆ. ಸಂಸಾರಸ್ಥರಿಗೆ ಬಾಡಿಗೆಗೆ ಕೊಡೋ ಕಾರಲ್ವಾ. ಹೊರಗಿಂದ ತೆಗೆದ್ರೆ ಮಾತ್ರ ಉಂಟು."

"ಹಂಗಾದ್ರೆ ಇಳಿದು ತೆಗೀರಿ. ಒಂದಕ್ಕೆ ಹೋಗ್ಬೇಕು."

"ಎಲ್ಲಿಗೆ ಹೋಗ್ತೀರಿ? ಆ ಕಡೆ ಬಂಡೆ ಕಾರಿಗೆ ಅಂಟ್ಕೊಂಡಿದೆ. ಈ ಕಡೆ ಬಸ್ಸು. ನಾನೇ ಇಳಿಯೋ ಹಂಗಿಲ್ಲ. ತಡ್ಕೊಳ್ಳಿ. ಪೊಲೀಸರಿಗೆ ತಡ್ಕೊಳ್ಳೋದು ಹೇಳಿಕೊಡಬೇಕಾ?"

ಮಾತು ನಿಜವೇ. ಇಳಿದು ಬರುವ ಸಾಲಿನ ಬಸ್ಸೊಂದು ಕಾರಿನ ಬಲಮಗ್ಗುಲಿಗೆ ಒತ್ತಿಕೊಂಡು ನಿಂತಿತ್ತು. ಮುಂದೆಯೂ ಕಾರು, ಹಿಂದೆಯೂ ಕಾರು. ನುವರ ಎಲಿಯದ ಸೀಸನ್ನು ಬಂತೆಂದರೆ ಕೊಲಂಬೊ ಊರಿಗೆ ಊರೇ ಚಳಿ ಹುಡುಕಿಕೊಂಡು ಗುಡ್ಡ ಹತ್ತುತ್ತದೆ. ಕೆಳಗಿನ ತಿರುವುಗಳಲ್ಲಿ ಕಾರುಗಳ ದೀಪಗಳು ಒಂದರ ಹಿಂದೊಂದು ಅಲುಗಾಡದೆ ಉರಿಯುತ್ತಿದ್ದವು.

ಸುಗತಪಾಲ ಸೀಟಿಗೆ ಒರಗಿದ. ಅಡಕತ್ತರಿಗೆ ಸಿಕ್ಕ ಅಡಕೆ ಎಂದರೆ ತಾನೇ ಎನಿಸಿತು.

ಈ ಕಾರು ಹತ್ತಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಬೇರೆ ಕಾರು ಇರಲಿಲ್ಲ. ಮಹಾಮಾರಿಯ ಕಾಲದಲ್ಲಿ ವಿಮಾನಗಳು ನಿಂತಾಗ, ನಿಗೊಂಬೊದ ಬಾಡಿಗೆ ಕಾರಿನವರೆಲ್ಲ ಹೊಟ್ಟೆಪಾಡಿಗೆಂದು ಸಿಕ್ಕ ಬೆಲೆಗೆ ಕಾರು ಮಾರಿದರು. ಅದೇ ಸಮಯಕ್ಕೆ ಸರ್ಕಾರ ಹೊರದೇಶದ ವಾಹನ ತರಿಸುವುದನ್ನು ನಿಲ್ಲಿಸಿತು. ಆಮೇಲೆ ಕಾರಿಗೆ ಹಾಕುವ ಎಣ್ಣೆಯೇ ಇಲ್ಲದ ವರ್ಷ ಬಂತು. ಈಗ ಎಣ್ಣೆ ಬಂದಿದೆ, ವಿಮಾನ ತುಂಬಿ ತುಂಬಿ ಪರದೇಶದವರು ಇಳಿಯುತ್ತಿದ್ದಾರೆ. ಕಾರುಗಳು ಮಾತ್ರ ನೆಲದಿಂದ ಮೊಳೆಯುವುದಿಲ್ಲವಲ್ಲ. ಮೊದಲು ಒಂದು ತಿಂಗಳ ಬಾಡಿಗೆ ಆಗುತ್ತಿದ್ದದ್ದು ಈಗ ಒಂದು ವಾರಕ್ಕೂ ಸಾಲದು. ಅಷ್ಟು ಕೊಡುತ್ತೇವೆಂದರೂ ಕಾರಿಲ್ಲ. ರೈಲಿನ ಸೀಟುಗಳು ಹಬ್ಬಕ್ಕೆ ಮೊದಲೇ ಮುಗಿದಿದ್ದವು. ಬಸ್ಸಿನಲ್ಲಿ ಗುಡ್ಡದುದ್ದಕ್ಕೂ ನಿಂತು ಬರಲು ಸುಗತಪಾಲನ ಮೊಣಕಾಲು ಒಪ್ಪುವಂತಿರಲಿಲ್ಲ. ಹೀಗಾಗಿ, ಯಾರ ಮೇಲೆ ಅನುಮಾನವೋ ಅವನ ಕಾರಿನ ಹಿಂದಿನ ಸೀಟಿನಲ್ಲೇ ಕೂರುವ ಗತಿ ಬಂತು.

ಮುದಲಾಳಿಯ ಎತ್ತರದ ಬಿಳಿ ವ್ಯಾನು ಹೊಸ ವರ್ಷದ ದಿನ ಮಾಯವಾಗಿತ್ತು. ಕದ್ದವನು ಲಸಿತ ಎಂದು ದೂರು. ಲಸಿತ ಸುಗತಪಾಲನ ತಂಗಿ ಕುಸುಮಾಳ ಒಬ್ಬನೇ ಮಗ, ಮುದಲಾಳಿಯ ಅಂಗಳದಲ್ಲಿ ಕಾರು ತೊಳೆದು, ಕರೆದಾಗ ಓಡಿಸಿಕೊಂಡು ಇದ್ದವನು.

"ಮಾಮಾ, ಆ ವ್ಯಾನನ್ನ ನಾನು ಮುಟ್ಟೇ ಇಲ್ಲ," ಎಂದಿದ್ದ ಹುಡುಗ, ಲಾಕಪ್ಪಿನ ಕಂಬಿ ಹಿಡಿದುಕೊಂಡು.

ಸುಗತಪಾಲ ನಂಬಿದ. ಜಾಮೀನಿಗೆ ತಾನೇ ನಿಂತ. ಸಂಚಾರ ಪೊಲೀಸಿನಲ್ಲಿ ರಾಳಹಾಮಿ, ಎಂದರೆ ಪೇದೆ, ಎನಿಸಿಕೊಂಡು ಆಯುಷ್ಯ ಸವೆಸಿ, ನಿವೃತ್ತನಾದ ಮೇಲೆ ಕಳೆದುಹೋದ ಬಾಡಿಗೆ ಕಾರು ಹುಡುಕಿಕೊಡುವುದನ್ನೇ ಕಸುಬು ಮಾಡಿಕೊಂಡ ಮನುಷ್ಯ. ಆ ಹೆಸರಿಗೇ ನ್ಯಾಯಾಧೀಶರು ಒಪ್ಪಿದ್ದು. ಷರತ್ತು ಇಷ್ಟೇ. ಲಸಿತ ನಿಗೊಂಬೊ ದಾಟಬಾರದು, ಭಾನುವಾರ ಭಾನುವಾರ ಸಂಜೆಯೊಳಗೆ ಠಾಣೆಯಲ್ಲಿ ಸಹಿ ಹಾಕಬೇಕು. ತಪ್ಪಿದರೆ ಮತ್ತೆ ಜೈಲು. ಅವನು ಸಿಗದಿದ್ದರೆ, ಅವನ ಪರವಾಗಿ ಮಾತು ಕೊಟ್ಟವನಿಗೆ ಜೈಲು.

ಇವತ್ತು ಮೊದಲ ಸಹಿ.

ಬೆಳಿಗ್ಗೆ ಹೊರಡುವಾಗ ಕುಸುಮಾಗೆ, ತಂಗಿಯನ್ನು ಕರೆಯುವಂತೆ ನಂಗಿ ಎಂದು ಕರೆದು, ಒತ್ತಿ ಹೇಳಿ ಬಂದಿದ್ದ. "ಹುಡುಗನ್ನ ನೀನೇ ಕೈ ಹಿಡ್ಕೊಂಡು ಠಾಣೆಗೆ ಕರ್ಕೊಂಡು ಹೋಗು ನಂಗಿ. ವ್ಯಾನು ಎಲ್ಲಿದ್ರೂ ನಾನು ತರ್ತೀನಿ." ನುವರ ಎಲಿಯದ ಹೋಟೆಲಿನವನೊಬ್ಬ ಕುದುರೆ ಮೈದಾನದ ಹತ್ತಿರ ಅಂಥದೇ ವ್ಯಾನು ನೋಡಿದೆನೆಂದು ಮುದಲಾಳಿಗೆ ಫೋನು ಮಾಡಿದ್ದ. ಅದನ್ನೇ ಹಿಡಿದು ಇಬ್ಬರೂ ಗುಡ್ಡ ಹತ್ತುತ್ತಿದ್ದರು.

"ಹಸಿವಾ ರಾಳಹಾಮಿ?" ಮುದಲಾಳಿ ಪಕ್ಕದ ಸೀಟಿನಲ್ಲಿ ಪೇರಿಸಿದ್ದ ಬಿಸ್ಕತ್ತಿನ ಡಬ್ಬಗಳಲ್ಲಿ ಒಂದನ್ನು ಬಿಚ್ಚಿ ಹಿಂದಕ್ಕೆ ಚಾಚಿದ. ಹಬ್ಬಕ್ಕೆ ಕರಿದ ಬೆಲ್ಲದ ಕೆವುಮ್, ಎಣ್ಣೆಯ ಘಮ ಇನ್ನೂ ಆರಿರಲಿಲ್ಲ. "ಹೋಟೆಲಿನವನಿಗೆ ಅಂತ ತಂದಿದ್ದು. ತಗೊಳ್ಳಿ, ಒಂದು ಕಡಿಮೆ ಆದ್ರೆ ಅವನೇನು ಸಾಯಲ್ಲ."

ಸುಗತಪಾಲ ಒಂದು ತೆಗೆದುಕೊಂಡ. "ನಿಮ್ಮನೆ ಮರ್ಸಿ ನೋನಾ ಮಾಡಿದ್ದಾ?"

"ಅವಳಾ?" ಮುದಲಾಳಿ ನಕ್ಕ. "ಇದು ನಮ್ಮಕ್ಕನ ಕೈದು. ನಮ್ಮನೆಯವಳು ಚರ್ಚಿನೋಳು, ಕೇಕು ಬೇಕಾದ್ರೆ ಮಾಡ್ತಾಳೆ. ಇಷ್ಟು ವರ್ಷ ಆಯ್ತು ಮದುವೆಯಾಗಿ, ನಮ್ಮ ಶಾಸ್ತ್ರ ಒಂದೂ ತಲೆಗೆ ಹತ್ತಿಲ್ಲ. ನೊನಗತೆ ಹೊತ್ತಲ್ಲೂ ಅವಳ ಹೊಲಿಗೆ ಮಿಷನ್ನು ಕಟಕಟ ಅಂತಾನೇ ಇರುತ್ತೆ."

ಹಳೆ ವರ್ಷ ಮುಗಿದು ಹೊಸದು ಕಾಲೂರುವ ನಡುವಿನ ಕೆಲವು ಗಂಟೆಗಳು ನೊನಗತೆ. ಆಗ ಒಲೆ ಉರಿಯಬಾರದು, ಉಣ್ಣಬಾರದು, ಕೆಲಸಕ್ಕೆ ಕೈ ಹಚ್ಚಬಾರದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಂದು ಬೆಂಕಿಕಡ್ಡಿಯೂ ದಾಟಬಾರದು. ದೇಶವೇ ಕೈಕಟ್ಟಿ ಕೂರುವ ಹೊತ್ತದು.

"ನೀವು ಪಾಲಿಸ್ತೀರೋ?" ಸುಗತಪಾಲ ಕೇಳಿದ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಲ್ಲಿ ಕೆವುಮ್ ಇತ್ತು, ಮಾತಿಗೆ ಮಾತು.

"ಏನು ಹಂಗಂದ್ರೆ! ಈ ವರ್ಷ ಹಾಡುಹಗಲಿಗೇ ಬಿತ್ತಲ್ಲ ನೊನಗತೆ. ಬೆಳಿಗ್ಗೆ ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋದೋನು, ಬೋಧಿ ಮರದ ಬುಡದಲ್ಲಿ ಕೂತುಬಿಟ್ಟೆ. ಪಟಾಕಿ ಹೊಡೆಯೋ ತನಕ ಎದ್ದಿಲ್ಲ. ಫೋನು ಮುಟ್ಟಿಲ್ಲ, ಒಂದು ಹನಿ ನೀರು ಕುಡಿದಿಲ್ಲ. ಬೇಕಾದ್ರೆ ದೊಡ್ಡ ಭಿಕ್ಷುಗಳನ್ನ ಕೇಳಿ."

ಸುಗತಪಾಲನ ದವಡೆ ನಿಂತಿತು.

ಆ ದೂರನ್ನು ಅವನು ಎಷ್ಟು ಸಲ ಓದಿಸಿಕೊಂಡಿದ್ದನೋ ಲೆಕ್ಕವಿಲ್ಲ. ಮಧ್ಯಾಹ್ನದ ಹೊತ್ತು, ವ್ಯಾನು ತೊಳೆಯಬೇಕೆಂದು ಲಸಿತ ಕೀಲಿಕೈ ಕೇಳಿದ, ನಾನು ನನ್ನ ಕೈಯಾರೆ ಕೊಟ್ಟೆ, ಅವನು ಗಾಡಿ ಹೊರಗೆ ತೆಗೆದವನು ತಿರುಗಿ ಬರಲಿಲ್ಲ ಎಂದಿತ್ತು ಅದರಲ್ಲಿ. ಅಷ್ಟು ಸಲ ಕೇಳಿದರೂ ಕಲ್ಲು ಹಲ್ಲಿಗೆ ಸಿಕ್ಕಿರಲಿಲ್ಲ. ಯಾಕೆಂದರೆ ಸುಗತಪಾಲ ತನ್ನ ಬದುಕಿನಲ್ಲಿ ನೊನಗತೆ ಕೂತವನೇ ಅಲ್ಲ. ಪೊಲೀಸಿನವನಿಗೆ ಎಲ್ಲಿಯ ನೊನಗತೆ? ಊರೆಲ್ಲ ವಿಹಾರದಲ್ಲಿದ್ದಾಗ ಅವನು ಖಾಲಿ ರಸ್ತೆಯ ನಡುವೆ ಸೀಟಿ ಕಚ್ಚಿಕೊಂಡು ನಿಂತಿರುತ್ತಿದ್ದ. ದೂರು ಬರೆದುಕೊಂಡವನೂ ಅಂಥವನೇ, ಅವತ್ತು ಹಬ್ಬ ಬಿಟ್ಟು ಡ್ಯೂಟಿಗೆ ಬಂದವನು.

ಬಾಯಲ್ಲಿದ್ದದ್ದನ್ನು ನುಂಗಿದ.

"ಮುದಲಾಳಿ."

"ಹೇಳಿ."

"ಲಸಿತನ ಕೈಗೆ ಕೀಲಿ ಕೊಟ್ಟದ್ದು ಯಾವ ಹೊತ್ತಿಗೆ?"

"ಅಯ್ಯೋ, ಎಷ್ಟು ಸಲ ಹೇಳ್ಲಿ? ಮಧ್ಯಾಹ್ನ. ಊಟದ ಹೊತ್ತು."

"ಯಾವ ಊಟ? ನೀರೇ ಕುಡಿದಿಲ್ಲ ಅಂದ್ರಿ."

ಕನ್ನಡಿಯಲ್ಲಿದ್ದ ಕಣ್ಣು ಒಮ್ಮೆ ಮಿಟುಕಿತು.

"ಬೋಧಿ ಮರದ ಕೆಳಗೆ ಕೂತೋರು ಅಂಗಳದಲ್ಲಿ ನಿಂತು ಕೀಲಿ ಹೆಂಗೆ ಕೊಟ್ರಿ?" ಸುಗತಪಾಲ ದನಿ ಏರಿಸಲಿಲ್ಲ. "ಅದೂ ನೊನಗತೆಯಲ್ಲಿ. ಅದೂ ವ್ಯಾನು ತೊಳಿಯೋಕೆ."

ಮುದಲಾಳಿ ಕೈಚಾಚಿ ಬಾಗಿಲ ಬದಿಯ ಗುಂಡಿಯೊಂದನ್ನು ಒತ್ತಿದ. ಟಕ್ ಎಂದಿತು. ಅರ್ಧ ಇಳಿದಿದ್ದ ಹಿಂದಿನ ಗಾಜು ತಾನಾಗಿ ಏರಿ ಮುಚ್ಚಿಕೊಂಡಿತು. ಸುಗತಪಾಲ ತನ್ನ ಬದಿಯ ಗುಂಡಿ ಒತ್ತಿ ನೋಡಿದ. ಅದೂ ಸತ್ತಿತ್ತು.

ಅಷ್ಟರಲ್ಲಿ ಬಲಗಡೆಯ ಬಸ್ಸು ನಿಟ್ಟುಸಿರುಬಿಟ್ಟು ಕೆಳಕ್ಕೆ ಸರಿಯಿತು. ಇಳಿಯಲು ಈಗ ಜಾಗವಿತ್ತು.

"ದಾರಿ ಆಯ್ತಲ್ಲ. ಇಳಿದು ಬಾಗಿಲು ತೆಗೀರಿ ಮುದಲಾಳಿ."

"ಚಳಿ ರಾಳಹಾಮಿ. ಒಳಗೇ ಇರಿ."

ಬಸ್ಸು ಬಿಟ್ಟ ಜಾಗಕ್ಕೆ ತೋಟದ ಹೆಂಗಸೊಬ್ಬಳು ಬುಟ್ಟಿ ಹೊತ್ತು ನುಗ್ಗಿದಳು. ತಲೆಗೆ ಟವೆಲು ಸುತ್ತಿದ್ದಳು, ಬುಟ್ಟಿಯಿಂದ ಬೇಯಿಸಿದ ಜೋಳದ ಹಬೆ ಏಳುತ್ತಿತ್ತು. ಸುಗತಪಾಲ ಸರಕ್ಕನೆ ಆ ಬದಿಗೆ ಸರಿದು ಗಾಜು ಬಡಿದ. ಬಾಗಿಲು, ಹೊರಗಿನ ಹಿಡಿ, ಎಳೆ ಎಂದು ಕೈಸನ್ನೆ ಮಾಡಿದ.

ಅವಳು ನಕ್ಕು ಜೋಳ ಎತ್ತಿ ತೋರಿಸಿದಳು. ಬೆರಳು ಮಡಚಿ ಬೆಲೆ ಹೇಳಿದಳು.

ಸುಗತಪಾಲ ತಲೆ ಅಲ್ಲಾಡಿಸಿದ, ಮತ್ತೆ ಹಿಡಿಯ ಕಡೆ ತೋರಿಸಿದ.

ಅವಳ ನಗು ಹೋಯಿತು. ಗಾಜಿಗೆ ಬಾಯಿ ಹತ್ತಿರ ತಂದು ಬೈದಳು. "ಇಷ್ಟು ದೊಡ್ಡ ಕಾರಲ್ಲಿ ಕೂತ್ಕೊಂಡು ಒಂದು ಜೋಳಕ್ಕೆ ಚೌಕಾಶಿ! ಎಲ್ಲದರ ಬೆಲೆ ಏರಿದೆ ತಾತ, ನಂದು ಮಾತ್ರ ಏರಬಾರದಾ?" ಎಂದು ಹಿಂದಿನ ಕಾರಿಗೆ ಹೋದಳು.

ಮುದಲಾಳಿ ರೇಡಿಯೋ ಹಚ್ಚಿದ. ಹಬ್ಬದ ರಬಾನ ತಮಟೆಯ ಬಡಿತ ಕಾರಿನ ತುಂಬ ತುಂಬಿತು.

"ಅದನ್ನ ಆರಿಸು," ಎಂದ ಸುಗತಪಾಲ. ಬಹುವಚನ ಬಿಟ್ಟಿದ್ದ.

ಸ್ವಲ್ಪ ಹೊತ್ತು ಕಳೆದು ರೇಡಿಯೋ ಆರಿತು.

"ದೂರು ಸುಳ್ಳು ದಯಾರತ್ನ."

"ಅರ್ಧ ಸುಳ್ಳು," ಎಂದ ಮುದಲಾಳಿ. ಅವನ ದನಿ ಇಳಿದಿತ್ತು. "ಕೇಳಿ. ಮಹಾಮಾರಿ ಬಂದಾಗ ನನ್ನ ಅಂಗಳ ತುಂಬ ಗಾಡಿ ಇದ್ವು. ಒಂದೊಂದೇ ಮಾರಿ ತಿಂದೆ. ಉಳಿದಿದ್ದು ಈ ಕಾರು, ಆ ವ್ಯಾನು. ಈಗ ಕೇಳೋರು ಬಾಗಿಲಿಗೆ ಬರ್ತಾರೆ, ಕೊಡೋಕೆ ನನ್ನ ಹತ್ರ ಏನಿದೆ? ಆ ಹೋಟೆಲಿನವನು ಸೀಸನ್ ಪೂರ್ತಿ ವ್ಯಾನು ಬೇಕು, ಮೂರು ಪಟ್ಟು ಕೊಡ್ತೀನಿ ಅಂದ. ಆದ್ರೆ ವ್ಯಾನು ಅಷ್ಟೊತ್ತಿಗೆ ಮಾತಾಗಿ ಹೋಗಿತ್ತು."

"ಯಾರಿಗೆ?"

"ಮರ್ಸಿಯ ತವರು ಬೀದಿ ಮುದುಕೀರಿಗೆ. ಮೀನು ಒಣಗಿಸೋರು. ಮಹಾಮಾರೀಲಿ ಬದುಕಿ ಉಳಿದ್ರೆ ಎಲ್ಲರೂ ಸೇರಿ ಮಡು ಮಾತೆಯ ಚರ್ಚಿಗೆ ಬರ್ತೀವಿ ಅಂತ ಹರಕೆ ಹೊತ್ತಿದ್ರು. ಮೊದಲು ಕರ್ಫ್ಯೂ, ಆಮೇಲೆ ಎಣ್ಣೆ ಇಲ್ಲ, ಈಗ ಗಾಡಿ ಇಲ್ಲ. ಮರ್ಸಿ ಹಳೇ ಬಾಡಿಗೆಗೇ ಒಪ್ಪಿಕೊಂಡುಬಿಟ್ಟಿದ್ಲು. ಹಬ್ಬ ಕಳೆದ ವಾರ ಹೋಗೋದು ಅಂತ. ಮೇರಿಯಮ್ಮನ ಮುಂದೆ ನಿಂತು ಮಾತು ಕೊಟ್ಟಿದ್ಲು. ಮಾತು ಮುರಿ ಅಂದ್ರೆ ಅವಳು ನನ್ನ ಕತ್ತು ಮುರೀತಾಳೆ."

"ಅದಕ್ಕೆ ವ್ಯಾನು ಕಳೆದುಹೋಗಬೇಕಾಯ್ತು."

"ಕಳೆದುಹೋದ ವ್ಯಾನಿನ ಮಾತನ್ನ ಯಾರೂ ಕೇಳಲ್ಲವಲ್ಲ." ಮುದಲಾಳಿ ಸ್ಟೀರಿಂಗಿಗೆ ಹಣೆ ಆನಿಸಿದ. "ಹಬ್ಬದ ಹಿಂದಿನ ದಿನ ನಾನೇ ತಗೊಂಡು ಹೋಗಿ ಮುಚ್ಚಿದ ಐಸ್ ಫ್ಯಾಕ್ಟರಿ ಒಳಗೆ ನಿಲ್ಲಿಸಿ ಬಂದೆ. ಗಲಾಟೆ ಆರಿದ ಮೇಲೆ ನಂಬರ್ ಪ್ಲೇಟು ಬದಲಾಯಿಸಿ ಮೇಲಕ್ಕೆ ಕಳಿಸೋದು ಅಂತ. ಯಾರ ಮೇಲೂ ದೂರು ಕೊಡೋ ಯೋಚನೆ ಇರಲಿಲ್ಲ ರಾಳಹಾಮಿ, ಆಣೆಗೂ ಇರಲಿಲ್ಲ."

"ಮತ್ತೆ?"

"ಹೊಸ ವರ್ಷ ಹುಟ್ಟಿ ಪಟಾಕಿ ಹೊಡೆದ ಮೇಲೆ ಒಂದು ಸಲ ನೋಡಿ ಬರೋಣ ಅಂತ ಹೋದೆ. ಫ್ಯಾಕ್ಟರಿ ಬೀಗ ಹಾಕಿದ್ದು ಹಾಕಿದ ಹಂಗೇ ಇದೆ. ಒಳಗೆ ವ್ಯಾನಿಲ್ಲ."

ಹೊರಗೆ ಮಂಜು ಗಾಜಿಗೆ ಒತ್ತಿಕೊಂಡಿತ್ತು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಎಂದುಕೊಂಡಿದ್ದ ಸುಗತಪಾಲ. ಇಲ್ಲಿ ನೋಡಿದರೆ ಬೇಲಿಯನ್ನೇ ಯಾರೋ ಕಿತ್ತುಕೊಂಡು ಹೋಗಿದ್ದರು.

"ಐಸ್ ಫ್ಯಾಕ್ಟರಿಯಿಂದ ಕಳುವಾಯ್ತು ಅಂದ್ರೆ ಅಲ್ಲಿ ಯಾಕಿಟ್ಟೆ ಅಂತ ಕೇಳ್ತಾರೆ," ಮುದಲಾಳಿ ಹೇಳುತ್ತಲೇ ಇದ್ದ. "ಅದಕ್ಕೆ ಅಂಗಳದಿಂದ ಹೋಯ್ತು ಅಂದೆ. ಅಂಗಳಕ್ಕೆ ಬರೋನು ಲಸಿತ ಒಬ್ನೇ. ಬಾಯಿಗೆ ಅವನ ಹೆಸರು ಬಂತು."

"ನನ್ನ ತಂಗಿ ಮಗನ ಬದುಕು ನಿನ್ನ ಬಾಯಿಗೆ ಬಂತು. ಇದನ್ನೇ ಠಾಣೇಲಿ ಹೇಳು. ಈಗಲೇ ತಿರುಗಿಸು ಕಾರು."

"ಎಲ್ಲಿ ತಿರುಗಿಸಲಿ? ನೋಡಿ ನೀವೇ." ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ನಡುವೆ ಸಾಲು. "ಮತ್ತೆ ಹೇಳಿದ್ರೆ ನಾನು ಸುಳ್ಳು ದೂರಿನೋನು. ಒಳಗೆ ಹಾಕ್ತಾರೆ."

"ಹೇಳದೆ ಇದ್ರೆ ಅವನು ಒಳಗೆ."

"ಅದಕ್ಕೇ ಬಾಗಿಲು ತೆಗೆಯಲ್ಲ ಅಂದಿದ್ದು. ವ್ಯಾನು ಸಿಗಲಿ. ಸಿಕ್ಕ ಮೇಲೆ ದೂರು ವಾಪಸ್ ತಗೋತೀನಿ, ಯಾರೂ ಕಳ್ಳರಲ್ಲ. ಅಲ್ಲಿವರೆಗೆ ಬಾಯಿ ಬಿಡಲ್ಲ ಅಂತ ಮಾತು ಕೊಡಿ, ತೆಗೀತೀನಿ."

ಸುಗತಪಾಲ ಮಾತು ಕೊಡಲಿಲ್ಲ. ಡಬ್ಬದ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ಬೆರಳ ಎಣ್ಣೆಯನ್ನು ಸರೋಂಗಿಗೆ ಒರಸಿಕೊಂಡ. ಆತುರಪಟ್ಟು ಕೇಳಿದ ಪ್ರಶ್ನೆಗೆ ಆತುರದ ಉತ್ತರವೇ ಬರುತ್ತದೆಂದು ಅವನು ರಸ್ತೆಯಲ್ಲಿ ನಿಂತು ಕಲಿತಿದ್ದ.

"ಆ ಐಸ್ ಫ್ಯಾಕ್ಟರಿ ಯಾರದು?"

"ಮರ್ಸಿಯ ಅಣ್ಣಂದು. ಈಗ ಇಟಲೀಲಿ ಇದಾನೆ."

"ಬೀಗದ ಕೀಲಿ?"

"ಇರೋದು ಒಂದೇ. ನಮ್ಮನೆ ಒಳಗೆ, ಗೋಡೆ ಮೊಳೆಗೆ ನೇತುಹಾಕಿರ್ತೀನಿ. ವ್ಯಾನಿನ ಕೀಲೀನೂ ಅದರ ಜೊತೆಗೇ."

"ಎರಡೂ ಅಲ್ಲೇ ಇತ್ತಾ, ಹಬ್ಬದ ದಿನ?"

"ಬೆಳಿಗ್ಗೆ ಇತ್ತು. ಸಂಜೆ ಫ್ಯಾಕ್ಟರೀದು ಮಾತ್ರ ಇತ್ತು."

"ಬಾಗಿಲು ಮುರಿದಿತ್ತಾ ಮನೇದು?"

"ಇಲ್ಲ."

"ನೀವು ವಿಹಾರದಲ್ಲಿ," ಎಂದ ಸುಗತಪಾಲ. ಮತ್ತೆ ಬಹುವಚನಕ್ಕೆ ಬಂದಿದ್ದ. "ಬೀದಿಯೋರೆಲ್ಲ ವಿಹಾರದಲ್ಲಿ, ಇಲ್ಲ ಮನೇಲಿ ಕೈಕಟ್ಟಿ ಕೂತು. ಕೀಲಿ ಮುಟ್ಟೋ ಹಂಗಿಲ್ಲ, ಗಾಡಿ ಹೊರಡಿಸೋ ಹಂಗಿಲ್ಲ. ಕಳ್ಳನೂ ಆ ಹೊತ್ತಲ್ಲಿ ಕಳ್ಳತನಕ್ಕೆ ಹೊರಡಲ್ಲ ಮುದಲಾಳಿ, ವರ್ಷವಿಡೀ ಸಿಕ್ಕಿಬೀಳ್ತೀನಿ ಅಂತ ಹೆದರ್ತಾನೆ. ಅವತ್ತು ನಿಮ್ಮ ಮನೇಲಿ ಕೈ ಆಡಿಸ್ತಾ ಇದ್ದೋರು ಯಾರು?"

ಮುದಲಾಳಿ ತಿರುಗಿದ. ಗುಡ್ಡ ಹತ್ತಲು ತೊಡಗಿದ ಮೇಲೆ ಮೊದಲ ಸಲ, ಕನ್ನಡಿ ಬಿಟ್ಟು, ಮುಖಕ್ಕೆ ಮುಖ ಕೊಟ್ಟ.

ಆಗ ಸುಗತಪಾಲನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಹಳೇ ಫೋನು. ಕಿವಿಗೆ ಎಷ್ಟು ಒತ್ತಿ ಹಿಡಿದರೂ ಪಕ್ಕದಲ್ಲಿ ಕೂತವರಿಗೆಲ್ಲ ಕೇಳುವಂಥದ್ದು.

"ಅಯ್ಯಾ," ಎಂದು ಅಣ್ಣನನ್ನು ಕರೆದಳು ಕುಸುಮಾ. "ನನ್ನ ಬೈಬೇಡ."

"ಏನಾಯ್ತು ನಂಗಿ? ಸಹಿ ಹಾಕಿದ್ನಾ?"

"ಬೈಯಲ್ಲ ಅಂತ ಮೊದಲು ಹೇಳು."

"ಕುಸುಮಾ!"

"ನೀನು ಆ ಕಡೆ ಹೋದೆ, ಈ ಕಡೆ ನಮ್ಮ ಬಾಗಿಲಿಗೆ ಬಿಳಿ ವ್ಯಾನು ಬಂದು ನಿಂತ್ಕೊಳ್ತು. ಮರ್ಸಿ ನೋನಾ ತಾನೇ ಓಡಿಸ್ಕೊಂಡು ಬಂದಿದ್ರು. ಹುಡುಗನ್ನ ಕರೆದು ಏನೋ ಹೇಳಿದ್ರು. ಅವನು ಒಳಗೆ ಬಂದು ಅಂಗಿ ಬದಲಾಯಿಸಿದ. ಎಲ್ಲಿಗೆ ಪುತಾ, ಸಹಿ ಇದೆಯಲ್ಲ ಅಂದ್ರೆ, ಕೇಳಬೇಡಮ್ಮಾ ಅಂದ. ಹೋಗ್ತೀನಿ ಅಂತ ನಿಂತೋನ ಕಾಲಿಗೆ ಬೀಳಲಾ? ನಾನೇ ನಾಲ್ಕು ನಿಂಬೆಹಣ್ಣು ತಂದು ಚಕ್ರದ ಕೆಳಗೆ ಇಟ್ಟೆ ಅಯ್ಯಾ. ಹಂಗೇ ಹೆಂಗೆ ಕಳಿಸಲಿ, ಹೆತ್ತೋಳು?"

ಮುಂದಿನ ಸೀಟಿನಿಂದ ಮುದಲಾಳಿ ಫೋನಿನ ಕಡೆಗೆ ಬಾಗಿದ.

ಸುಗತಪಾಲನಿಗೆ ಒಂದು ಕ್ಷಣ ಎಲ್ಲ ಹಗುರವಾದಂತೆ ತೋರಿತು. ಹರಕೆಯ ಮುದುಕಿಯರು, ಮೇರಿಯಮ್ಮನ ಮುಂದೆ ಕೊಟ್ಟ ಮಾತು, ಗಂಡ ಬಚ್ಚಿಟ್ಟ ವ್ಯಾನನ್ನು ಹೆಂಡತಿ ಹುಡುಕಿ ತೆಗೆದದ್ದು. ತಪ್ಪೇ ಆದರೂ ಮರುಗಬಹುದಾದ ತಪ್ಪು. ನಾಳೆ ನ್ಯಾಯಾಧೀಶರ ಮುಂದೆ ನಿಂತು ಹೇಳಬಹುದು.

"ಮುದುಕೀರು ಎಷ್ಟು ಜನ ಇದ್ರು ವ್ಯಾನಲ್ಲಿ?"

"ಯಾವ ಮುದುಕೀರು?"

"ಮಡು ಚರ್ಚಿಗೆ ಹೋಗೋರು. ಮೀನು ಬೀದಿಯೋರು."

"ಯಾರೂ ಇರಲಿಲ್ಲ ಅಯ್ಯಾ. ಸೀಟೆಲ್ಲ ಖಾಲಿ. ಹಿಂದೆ ಎರಡು ದೊಡ್ಡ ಪೆಟ್ಟಿಗೆ ಇದ್ವು, ವಿಮಾನಕ್ಕೆ ಹಾಕ್ತಾರಲ್ಲ ಅಂಥವು. ಒಂದರ ಮೇಲೆ ನಮ್ಮ ಲಸಿತನ ಹೆಸರು ಅಂಟಿಸಿತ್ತು."

ಮೇಲಿನ ತಿರುವಿನಲ್ಲಿ ಸಾಲು ಸಡಿಲವಾಯಿತು. ಮುಂದಿನ ಕಾರಿನ ಕೆಂಪು ದೀಪ ಮಂಜಿನೊಳಗೆ ಕರಗಿ ಹೋಯಿತು. ಹಿಂದಿನವರು ಹಾರ್ನು ಬಾರಿಸತೊಡಗಿದರು, ಒಬ್ಬರ ಹಿಂದೊಬ್ಬರು, ಕೆಳಗಿನ ತಿರುವುಗಳ ತನಕ. ಮುದಲಾಳಿ ಕಾರನ್ನು ಕದಲಿಸಲಿಲ್ಲ. ಸ್ಟೀರಿಂಗ್ ಮೇಲಿದ್ದ ಅವನ ಕೈ ಜಾರಿ ಮಡಿಲಿಗೆ ಬಿದ್ದಿತ್ತು.

"ಬಾಗಿಲು ತೆಗಿ," ಎಂದ ಸುಗತಪಾಲ.

ಮುದಲಾಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೈ ಏಳಲಿಲ್ಲವೋ.

ಸುಗತಪಾಲ ಹಿಡಿ ಹಿಡಿದುಕೊಂಡೇ ಕೂತ. ಹೊತ್ತು ಮುಳುಗುತ್ತಿತ್ತು. ಕೆಳಗೆ ನಿಗೊಂಬೊ ಠಾಣೆಯಲ್ಲಿ ಸಹಿಯ ಪುಸ್ತಕ ಮುಚ್ಚುವ ಸಮಯ. ಲಸಿತ ಹೋಗಿದ್ದ, ಅಣ್ಣ ಇಟಲಿಯಲ್ಲಿರುವ ಮರ್ಸಿ ನೋನಾಳ ಜೊತೆ, ವಿಮಾನದ ಪೆಟ್ಟಿಗೆ ಹಿಡಿದು, ಅಮ್ಮನ ಕೈಯ ನಿಂಬೆಹಣ್ಣು ಚಕ್ರದಡಿ ಅರೆದುಕೊಂಡು. ಮಾಮನ ಮಾತು ಉಳಿಸಬೇಕಾಗಿದ್ದ ಮೊದಲ ಭಾನುವಾರವೇ ಹೋಗಿದ್ದ.